ಇಪ್ಪತ್ತನಾಲ್ಕು ಡಿಗ್ರಿಗೆ ಇಸವಿ ಹಚ್ಚುವವರು

ಪ್ರಾಚೀನ ಖಗೋಳ ಗ್ರಂಥ ಸೂರ್ಯಸಿದ್ಧಾಂತದ ಪರಮಕ್ರಾಂತಿ, ಅಂದರೆ ಭೂಮಿಯ ಅಕ್ಷದ ಓರೆ, 24 ಡಿಗ್ರಿ. ಇಂದು ಆ ಓರೆ 23 ಡಿಗ್ರಿ 26 ಕಲೆ (ಆರ್ಕ್ ಮಿನಿಟ್), ಅದೂ ಇಳಿಯುತ್ತಿದೆ. ಆಕಾಶ ತೋರಿಸುವ ತಂತ್ರಾಂಶ ಸ್ಟೆಲೇರಿಯಂ ತೆರೆದು ಕಾಲವನ್ನು ಹಿಂದಕ್ಕೆ ಓಡಿಸಿದರೆ ಕ್ರಿ.ಪೂ. 2800ರ ಸುಮಾರಿಗೆ 24 ಕಾಣಿಸಿಕೊಳ್ಳುತ್ತದೆ. ಹಾಗಾಗಿ ಗ್ರಂಥದ ವೀಕ್ಷಣೆಯೂ ಆ ಕಾಲದ್ದೇ ಎಂಬ ವಾದವನ್ನು ಎಷ್ಟೋ ಜನ ಇತ್ಯರ್ಥವಾದ ಸಂಗತಿಯೆಂಬಂತೆ ಹೇಳುತ್ತಾರೆ. ಆ ಗ್ರಂಥದ ಮೇಲೆ ನನಗಿರುವ ಗೌರವ ಅವರದಕ್ಕಿಂತ ಕಡಿಮೆಯದಲ್ಲ. ಆದರೂ ಈ ವಾದ ನಿಲ್ಲುವಂಥದ್ದಲ್ಲ.

ತಪ್ಪು ತಂತ್ರಾಂಶದ್ದಲ್ಲ. ಓರೆ ಲೆಕ್ಕಹಾಕಲು ಹಳೆಯ ಪ್ರೋಗ್ರಾಮುಗಳು ನೆಚ್ಚಿದ್ದ ಲೀಸ್ಕೆಯ ಬಹುಪದಿಯನ್ನು 30,000 ವರ್ಷ ಮುಂದಕ್ಕೆ ಎಳೆದರೆ ಓರೆ 33 ಡಿಗ್ರಿ ದಾಟಿಬಿಡುತ್ತದೆ. ನಿಜದಲ್ಲಿ ಅದು ಆಡುವುದು ಸುಮಾರು 22ರಿಂದ 24.5ರ ನಡುವೆ. ಸ್ಟೆಲೇರಿಯಂ ಬಳಸುವ ವೊಂಡ್ರಾಕ್ ಮತ್ತು ಸಂಗಡಿಗರ 2011ರ ಸೂತ್ರಕ್ಕೆ ಆ ದೋಷವಿಲ್ಲ. ಅದು ಆಕಾಶದ ಬಗ್ಗೆ ಸರಿಯಾಗಿಯೇ ಹೇಳುತ್ತದೆ. ಗ್ರಂಥದ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ಓರೆ ಇಳಿಯುವುದು ವರ್ಷಕ್ಕೆ ಅರ್ಧ ವಿಕಲೆಗೂ (ಆರ್ಕ್ ಸೆಕೆಂಡ್) ಕಡಿಮೆ. ಅಳತೆಯಲ್ಲಿ ಒಂದು ಕಲೆ ತಪ್ಪಿದರೆ ಇಸವಿ ಸುಮಾರು 128 ವರ್ಷ ತಪ್ಪುತ್ತದೆ. ಅಳತೆಗೆ ನೆಡುವ ಕೋಲಾದ ಶಂಕುವಿನ ನೆರಳಿನ ಅಂಚೋ ಮಸುಕು, ಸೂರ್ಯಬಿಂಬವೇ ಅರ್ಧ ಡಿಗ್ರಿ ಅಗಲ.

ಗ್ರಂಥ ಬರೀ 24 ಎಂದಿಲ್ಲ, ಪರಮಕ್ರಾಂತಿಯ ಜ್ಯಾ (ಇಂದಿನ ಸೈನ್‌ಗೆ ಸಮಾನವಾದ ಉದ್ದ) 1397 ಎಂದು ನಿಖರವಾಗಿ ಕೊಟ್ಟಿದೆಯಲ್ಲ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಅದೇ ಗ್ರಂಥದ ಜ್ಯಾಕೋಷ್ಟಕ ತೆಗೆಯಿರಿ: 22 ಡಿಗ್ರಿ 30 ಕಲೆಗೆ 1315, 26 ಡಿಗ್ರಿ 15 ಕಲೆಗೆ 1520. ನಡುವಿನ 24ಕ್ಕೆ ತ್ರೈರಾಶಿ ಹಾಕಿದರೆ 1315ಕ್ಕೆ 82 ಕೂಡಿ ಸರಿಯಾಗಿ 1397 ಬರುತ್ತದೆ. ದುಂಡಗಿನ 24ರಿಂದಲೇ ಹುಟ್ಟುವ ಈ ಸಂಖ್ಯೆಯನ್ನು ಬೇರೆ ವೀಕ್ಷಣೆಯ ಪುರಾವೆ ಎನ್ನಲಾಗದು.

499ರಲ್ಲಿ ಆರ್ಯಭಟ 24 ಎಂದ. ಆಗಿನ ಓರೆ 23 ಡಿಗ್ರಿ 38 ಕಲೆ. 1150ರಲ್ಲಿ ಭಾಸ್ಕರಾಚಾರ್ಯನೂ 24ನ್ನೇ ಇಟ್ಟುಕೊಂಡ. ಆಗ ಅದು 23 ಡಿಗ್ರಿ 33 ಕಲೆಗೆ ಇಳಿದಿತ್ತು. ಇವರನ್ನೂ ಕ್ರಿ.ಪೂ. 2800ಕ್ಕೆ ಕಳಿಸೋಣವೇ? ಟಾಲೆಮಿ ಬರೆದದ್ದು 23 ಡಿಗ್ರಿ 51 ಕಲೆ 20 ವಿಕಲೆ. ಇದೇ ಲೆಕ್ಕ ಹಿಡಿದರೆ ಎರಡನೆಯ ಶತಮಾನದ ಆ ಅಲೆಕ್ಸಾಂಡ್ರಿಯದ ಪಂಡಿತ ಕ್ರಿ.ಪೂ. 1350ಕ್ಕೆ ಹೋಗಿ ಕೂರುತ್ತಾನೆ. ಅವನ ವಿಷಯದಲ್ಲಿ ಅದನ್ನು ಅಳತೆಯ ದೋಷ ಎಂದು ಒಪ್ಪುವವರು ನಮ್ಮವರ ವಿಷಯದಲ್ಲಿ ಮಾತ್ರ ಪ್ರಾಚೀನತೆಯ ಪುರಾವೆ ಎನ್ನುವುದು ನ್ಯಾಯವಲ್ಲ.

ಗ್ರಂಥದ ಕಾಲ ಬೇಕಿದ್ದರೆ ಅದರ ಗ್ರಹಸ್ಥಾನಗಳನ್ನು ತಂತ್ರಾಂಶದ ಪಕ್ಕದಲ್ಲಿಟ್ಟು ನೋಡಿ. ಗ್ರಹಗಳು ಬೇಗ ಓಡುವುದರಿಂದ ಅಲ್ಲಿ ವ್ಯತ್ಯಾಸವೂ ಬೇಗ ಬಯಲಾಗುತ್ತದೆ. 24 ಡಿಗ್ರಿಯಿಂದ ಇಸವಿ ಹುಡುಕುವುದನ್ನು ದಯವಿಟ್ಟು ಬಿಡಿ.