ಜಾಲಿಸುವ ಕೈ

ಅವ್ವ ಅಕ್ಕಿ ಜಾಲಿಸುವುದನ್ನು ನೋಡುತ್ತ ಕೂಡುವುದೇ ಒಂದು ಸುಖ. ಬೋಗುಣಿಯನ್ನು ಓರೆ ಮಾಡಿ ಮೆಲ್ಲಗೆ ತೂಗುತ್ತಾಳೆ. ಅಕ್ಕಿ ನೀರಿನೊಂದಿಗೆ ಇನ್ನೊಂದು ಪಾತ್ರೆಗೆ ಜಾರುತ್ತದೆ, ಹರಳು ತಳದಲ್ಲೇ ಉಳಿಯುತ್ತದೆ. ಅಕ್ಕಿ ನೀರಿಗಿಂತ ಸುಮಾರು 1.4 ಪಟ್ಟು ಸಾಂದ್ರ, ಬೆಣಚುಕಲ್ಲು 2.65 ಪಟ್ಟು. ತೇಲಿಸುವ ಬಲವನ್ನು ಕಳೆದರೆ ಉಳಿಯುವುದು 0.4 ಮತ್ತು 1.65. ಒಣಗಿದಾಗ ಎರಡು ಪಟ್ಟೂ ಇಲ್ಲದ ಅಂತರ ನೀರೊಳಗೆ ನಾಲ್ಕು ಪಟ್ಟಾಗುತ್ತದೆ!

ಚಿಂಚೋಳಿ ಸೀಮೆಯ ಚಂದ್ರಂಪಳ್ಳಿಯ ಹಳ್ಳಗಳೂ ಇದನ್ನೇ ಮಾಡುತ್ತವೆ. ಮಳೆಗಾಲದ ಕೆಂಪು ನೀರು ನುಣುಪಾದ ಮಣ್ಣನ್ನು ಅಲ್ಲಿನ ಜಲಾಶಯದವರೆಗೂ ಹೊತ್ತೊಯ್ಯುತ್ತದೆ. ದಪ್ಪ ಹರಳುಗಳು ಹರಿವು ಸೋತಲ್ಲೇ ಕೂಡುತ್ತವೆ. ಗಾತ್ರ ಒಂದೇ ಆಗಿದ್ದರೆ ಮೊದಲು ನಿಲ್ಲುವುದು ಹೆಚ್ಚು ಸಾಂದ್ರವಾದ ಕಣ. ಚಿಂಚೋಳಿಯ ಕರಿಕಲ್ಲು ಸವೆದಾಗ ಬಿಡುಗಡೆಯಾಗುವ ಮ್ಯಾಗ್ನೆಟೈಟ್ ಕಣಗಳ ಸಾಂದ್ರತೆ 5.2. ಅಂಥ ಕಣಗಳು ಸೇರಿದಲ್ಲಿ ಮರಳಿನ ಮೇಲೆ ಕಪ್ಪು ಗೆರೆ ಮೂಡುತ್ತದೆ. ಅಯಸ್ಕಾಂತ ಹಿಡಿದರೆ ಮೀಸೆಯಂತೆ ಅಂಟಿಕೊಳ್ಳುತ್ತವೆ.

ನೀರಿನಲ್ಲಿ ಜಾಲಿಸುವ ಈ ವಿದ್ಯೆಯಿಂದಲೇ ಬದುಕಿದವರು ಕಪ್ಪತಗುಡ್ಡದ ಜಾಲಗಾರರು. ಮಳೆ ನಿಂತ ಮೇಲೆ ಹಳ್ಳದ ಮರಳನ್ನು ಮರದ ತೊಟ್ಟಿಯಲ್ಲಿ ತೊಳೆದು ಹೊನ್ನಿನ ಕಣ ಹೆಕ್ಕುತ್ತಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಆ ಗುಡ್ಡವಿರುವ ಡಂಬಳ ಸೀಮೆಯ ಚಿನ್ನದ ಬಗ್ಗೆ ಬರೆದರು. ಚಿನ್ನದ ಸಾಂದ್ರತೆ 19.3, ನೀರೊಳಗೆ ಅದು ಅಷ್ಟೇ ಗಾತ್ರದ ಮರಳಿಗಿಂತ 11 ಪಟ್ಟು ಭಾರ. ಆ ಭಾರವನ್ನು ಜಾಲಗಾರರ ಮಣಿಕಟ್ಟು ಬಲ್ಲದಾಗಿತ್ತು.

ಅದೇ ಅರಿವು ಅವ್ವನ ಕೈಯಲ್ಲೂ ಇದೆ. ಅದಕ್ಕೇ ನಮ್ಮ ತುತ್ತಿನಲ್ಲಿ ಕಲ್ಲು ಸಿಗುವುದಿಲ್ಲ.