ಕರಡಿಗೆಯನ್ನು ಕಿವಿಯಿಂದ ನೋಡುವುದು

‘ಕೋಣೆಯಲ್ಲೊಂದು ಅಲಂಕಾರದ ಪೆಟ್ಟಿಗೆ ಇದೆ. ಬೆಲೆ 250 ಚಿನ್ನದ ನಾಣ್ಯ.’ ಮಾತಿನಲ್ಲೇ ಕಥೆ ಕಟ್ಟುತ್ತ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಹೊಸದಾಗಿ ಕೂತವರು ಇಷ್ಟೇ ಕೇಳಿದರೆ ಹಾಳೆಯಲ್ಲಿ ಅಂಕಿ ಬರೆದುಕೊಂಡು ಸುಮ್ಮನಾಗುತ್ತಾರೆ. ನೋಡಲು ಅವರಿಗೆ ಏನೂ ಸಿಕ್ಕಿರುವುದಿಲ್ಲ.

ಬೆಲೆ ಮೊದಲು ಹೇಳುವ ರೂಢಿ ಹಳೆಯದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಈ ಆಟವನ್ನು ಹೊರತಂದಾಗ, ಹೊತ್ತು ತಂದ ಸಂಪತ್ತಿನ ಬೆಲೆ ಪಾತ್ರದ ಅನುಭವಾಂಕವೂ ಆಗುತ್ತಿತ್ತು. 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲೂ ಕಲಾವಸ್ತುಗಳು 25 ನಾಣ್ಯದಿಂದ 7,500ರವರೆಗೆ ಬೆಲೆವಾರು ಕೂತಿವೆ. ಕೊನೆಯ ಪಟ್ಟಿಯಲ್ಲಿರುವ, ಪ್ಲಾಟಿನಂ ತಂತಿಗೆಲಸದ ಚಿನ್ನದ ಒಡವೆ ಪೆಟ್ಟಿಗೆಗೂ ಒಂದೇ ಸಾಲು. ಉಳಿದದ್ದನ್ನು ಆಟ ನಡೆಸುವ ಡಂಜನ್ ಮಾಸ್ಟರ್ ತನ್ನ ಬಾಯಿಂದಲೇ ಕಡೆಯಬೇಕು. ನಿಮ್ಮ ಕಿವಿ ಇರಬೇಕಾದದ್ದು ಅಲ್ಲಿ.

ಮೊದಲು ಬೆಳಕನ್ನು ಗಮನಿಸಿ. ಆಟದ ನೆಲಮಾಳಿಗೆಯಲ್ಲಿ ಇರುವುದು ಪಂಜಿನ ಬೆಳಕು ಮಾತ್ರ. ಹತ್ತು ಬಣ್ಣದ ರತ್ನಗಳನ್ನು ಒಮ್ಮೆಲೇ ಸುರಿಯುವವರು ಇದನ್ನು ಮರೆತಿರುತ್ತಾರೆ. ನಮ್ಮ ಬಿದರಿ ಡಬ್ಬಿಯನ್ನು ಆ ಕತ್ತಲಲ್ಲಿ ಇಟ್ಟು ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದ ಗೆರೆಗಳಲ್ಲಿ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು, ನವಸಾಗರ ಸೇರಿದ ಕಾದ ನೀರಿನಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಪಂಜು ಹಿಡಿದವನಿಗೆ ಡಬ್ಬಿ ಕಾಣುವುದಿಲ್ಲ, ಗಾಳಿಯಲ್ಲಿ ತೇಲುವ ಬೆಳ್ಳಿ ಬಳ್ಳಿ ಕಾಣುತ್ತದೆ. ಮುಟ್ಟಿದಾಗ ತಣ್ಣಗೆ, ಎತ್ತಿದಾಗ ಎಣಿಸಿದ್ದಕ್ಕಿಂತ ಭಾರ. ಇಷ್ಟು ಹೇಳಬಲ್ಲವರ ಆಟಕ್ಕೆ ನಾನು ಊರು ದಾಟಿಯಾದರೂ ಹೋಗುತ್ತೇನೆ.

ಆಮೇಲೆ, ಏನು ಸವೆದಿದೆ, ಏನು ಕಳೆದಿದೆ ಎಂದು ಕೇಳಿ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ 8ನೇ ಶತಮಾನದ ಫ್ರ್ಯಾಂಕ್ಸ್ ಕ್ಯಾಸ್ಕೆಟ್ ಇದೆ. ಗೇಣುದ್ದದ, ತಿಮಿಂಗಿಲದ ಎಲುಬಿನ ಪೆಟ್ಟಿಗೆ. ಆ ತಿಮಿಂಗಿಲ ದಡಕ್ಕೆ ಬಿದ್ದ ಕಥೆಯನ್ನು ಅದರ ಮೇಲಿನ ರೂನ್ ಲಿಪಿಯೇ ಹೇಳುತ್ತದೆ. ಫ್ರಾನ್ಸಿನ ಓಜೋನ್ ಎಂಬಲ್ಲಿ ಒಂದು ಮನೆಯವರು ಅದರಲ್ಲಿ ಸೂಜಿದಾರ ಇಡುತ್ತಿದ್ದರು. ಬೆಳ್ಳಿಯ ಕೀಲುಗಳು ಹೋದ ಮೇಲೆ ಪೆಟ್ಟಿಗೆ ಬಿಚ್ಚಿಕೊಂಡಿತು. ಅದರ ಒಂದು ಬದಿ ಇಂದು ಫ್ಲಾರೆನ್ಸ್‌ನಲ್ಲಿದೆ. ಆಟದಲ್ಲಿ ಇಂಥದೊಂದು ಸಿಕ್ಕಿತೆನ್ನಿ. ಇಲ್ಲದ ಆ ಬದಿಯನ್ನು ಹುಡುಕಿ ಇಡೀ ತಂಡ ಸಮುದ್ರ ದಾಟುತ್ತದೆ.

ಹೆಸರಿಗೂ ಕಿವಿಗೊಡಿ. ಕರಡಿಗೆ ಎಂದರೆ ಎದೆಯ ಮೇಲಿನ ಲಿಂಗ, ಭರಣಿ ಎಂದರೆ ಕುಂಕುಮ, ಸಂದೂಕ ಎಂದರೆ ಬೀಗದ ಕೈ ಕಣ್ಣಮುಂದೆ ಬರುತ್ತದೆ. ಕನ್ನಡದಲ್ಲಿ ಆಟ ನಡೆಸುವವರು ಎಲ್ಲವನ್ನೂ ‘ಬಾಕ್ಸ್’ ಎಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮುಚ್ಚಳವನ್ನು ಕೊನೆಗೆ ತೆರೆಯಲಿ. ಅದಕ್ಕೆ ಮೊದಲು ಇಂಥ ಒಂದು ಮಾತು ಬರಬೇಕು: ‘ಬಳ್ಳಿ ಒಂದೇ ಕಡೆ ಸವೆದಿದೆ, ಎಡಗೈ ಹೆಬ್ಬೆರಳು ಊರುವ ಜಾಗದಲ್ಲಿ.’ ಮೇಜಿನ ಸುತ್ತ ಒಂದು ಗಳಿಗೆ ಯಾರೂ ಮಾತಾಡುವುದಿಲ್ಲ. ಆಮೇಲೆ ಯಾರೋ ಒಬ್ಬರು ಮೆಲ್ಲಗೆ ಕೇಳುತ್ತಾರೆ: ‘ಮೇಲಿನ ಹಜಾರದ ಚಿತ್ರದಲ್ಲಿ ರಾಜ ಕತ್ತಿ ಹಿಡಿದಿದ್ದು ಬಲಗೈಯಲ್ಲಲ್ಲವೇ?’