ಬಣವಿ ಒಂದೇ, ಒಟ್ಟಿದವರು ಇಬ್ಬರು

ನಮ್ಮ ವಾಚನಾಲಯದ ಗೋಡೆಗೆ ಮಾಸ್ತರರು ಹಚ್ಚಿದ ಚಿತ್ರಗಳನ್ನು ನೀವೆಲ್ಲ ನೋಡೀರಿ. ಎಡಗಡೆ ಫ್ರಾನ್ಸ್ ದೇಶದ ಕ್ಲೋದ್ ಮೋನೆ ಬರೆದ ಬಣವಿ, ಬಲಗಡೆ ಅಮೆರಿಕದ ರಾಯ್ ಲಿಕ್ಟನ್‌ಸ್ಟೈನ್ ಮಾಡಿದ ಅದೇ ಬಣವಿ. ನೋಡಿದವರಲ್ಲಿ ಅರ್ಧ ಮಂದಿ "ಇದು ಕಳವು" ಅಂದರು. ಉಳಿದವರು "ಇದರಾಗ ಏನದ, ಬರೇ ಚುಕ್ಕಿ ಇಟ್ಟಾನ" ಅಂದರು. ಎರಡೂ ಮಾತು ನನಗೆ ಒಪ್ಪಿಗೆ ಆಗಲಿಲ್ಲ. ಅದಕ್ಕೇ ಬರೆಯಾಕ ಕುಂತೆ.

ಮೊದಲು ಮೋನೆ. 1890 ಮತ್ತು 1891ರಲ್ಲಿ, ಜಿವರ್ನಿ ಅನ್ನೋ ತನ್ನ ಊರ ಹೊಲದಾಗ ನಿಂತು ಸುಮಾರು 25 ಬಣವಿ ಚಿತ್ರ ಬರೆದ. ಇವು ದನದ ಮೇವಿನ ಬಣವಿ ಅಲ್ಲ. ಇನ್ನೂ ಬಡಿಯದ ಗೋದಿಯ ಸೂಡುಗಳನ್ನು ತೆನಿ ಸಮೇತ ಒಟ್ಟಿ, ಮ್ಯಾಲೆ ಹುಲ್ಲಿನ ಟೊಪ್ಪಿಗಿ ಹಾಕಿದ್ದು. ಊರಿನ ವರ್ಷದ ಅನ್ನ ಅಲ್ಲಿ ನಿಂತಿರತದ. ಬಣವಿ ಒಟ್ಟಿದವನಿಗೆ ಆ ಗುಂಡು ಮೈ, ಆ ಇಳಿಜಾರು ನೋಡಿದ ಕೂಡಲೇ ತಿಳೀತದ, ಒಳಗ ನೀರು ಇಳಿಯೂದಿಲ್ಲ ಅಂತ. ಮೋನೆಗೆ ಬೇಕಾದದ್ದು ಮಾತ್ರ ಬೆಳಕು. ಬಿಸಲು ಸರಿದಂಗ ಒಂದು ಕ್ಯಾನ್ವಾಸ್ ಬಿಟ್ಟು ಇನ್ನೊಂದು ಹಿಡೀತಿದ್ದ. ಮಲಮಗಳು ಬ್ಲಾಂಶ್ ತಂದು ಕೊಡ್ತಿದ್ದಳು. ಅವನ ನೆರಳು ಕಪ್ಪಲ್ಲ, ನೀಲಿ, ನೇರಳೆ. ಹೊತ್ತು ಮುಳುಗೂದೋ, ಹಿಮ ಬಿದ್ದ ಮುಂಜಾನೆಯೋ, ಗಡಿಯಾರ ಬ್ಯಾಡ, ನೆರಳೇ ಹೇಳತದ. 2019ರಲ್ಲಿ ನ್ಯೂಯಾರ್ಕಿನ ಹರಾಜಿನಾಗ ಇವುಗಳಲ್ಲಿ ಒಂದು 11 ಕೋಟಿ ಡಾಲರಿಗೂ ಮ್ಯಾಲೆ ಹೋಯ್ತು. ನಮ್ಮ ಕಣಕಿ ಬಣವಿಯ ರೇಟಿನ ಮಾತು ಇಲ್ಲಿ ಬ್ಯಾಡ.

ಲಿಕ್ಟನ್‌ಸ್ಟೈನ್ ಹೊಲಕ್ಕ ಹೋದವನಲ್ಲ. 1923ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವ. 1961ರಲ್ಲಿ ಮಿಕ್ಕಿ ಇಲಿಯ ಚಿತ್ರಕಥೆಯನ್ನು ದೊಡ್ಡ ಕ್ಯಾನ್ವಾಸಿಗೆ ಏರಿಸಿ ಪಾಪ್ ಆರ್ಟಿನಾಗ ಹೆಸರು ಮಾಡಿದ. ಪಾಪ್ ಆರ್ಟ್ ಅಂದರೆ ಪ್ಯಾಟಿಯ ಜಾಹೀರಾತು, ಡಬ್ಬಿಯ ಚೀಟಿ, ಚಿತ್ರಕಥೆ, ಇವನ್ನೇ ಕಲೆ ಮಾಡೋ ಪಂಥ. 1968ರಲ್ಲಿ ಕ್ಯಾಲಿಫೋರ್ನಿಯಾದ ಪಾಸಡಿನಾದಲ್ಲಿ ಒಂದೇ ವಸ್ತುವನ್ನು ಮತ್ತೆ ಮತ್ತೆ ಬರೆದ ಚಿತ್ರಗಳ ಪ್ರದರ್ಶನ ನಡೀತು, ಅದರಾಗ ಮೋನೆಯೂ ಇದ್ದ. ಮರು ವರ್ಷವೇ ಲಿಕ್ಟನ್‌ಸ್ಟೈನ್ ಬಣವಿ ಸರಣಿ ಅಚ್ಚು ಹಾಕಿಸಿದ. ನೋಡಿ ಮಾಡಿದ್ದು ಬಣವಿಯನ್ನಲ್ಲ, ಅಚ್ಚಾದ ಬಣವಿಯನ್ನು.

ಚುಕ್ಕಿ ಎಲ್ಲಿಂದ ಬಂತು ಅನ್ನೋದಕ್ಕ ಇಂದಿನ ಪೇಪರಿನ ಫೋಟೋಕ್ಕ ಭೂತಗನ್ನಡಿ ಹಿಡಿದು ನೋಡ್ರಿ. ಎಲ್ಲಾ ಚುಕ್ಕಿನೇ. ಈಗ ನಮ್ಮ ಗೋಡೆಯ ಮೋನೆಯನ್ನೂ ಹಂಗೇ ನೋಡ್ರಿ, ಅಲ್ಲಿಯೂ ಚುಕ್ಕಿ! ಮೋನೆಯ ಕುಂಚದ ಬಣ್ಣ ನಮ್ಮಲ್ಲಿ ಯಾರೂ ಕಂಡಿಲ್ಲ, ಚುಕ್ಕಿಯಲ್ಲೇ ಕಂಡೀವಿ. "ಮಂದಿಗೆ ಮುಟ್ಟೂದು ಇಷ್ಟೇ" ಅಂತ ಲಿಕ್ಟನ್‌ಸ್ಟೈನ್ ಅದನ್ನೇ ದೊಡ್ಡದು ಮಾಡಿ ಎದುರಿಗೆ ಇಟ್ಟಾನ. ಇದು ಕಳವಲ್ಲ. ಕಳ್ಳ ಮಾಲು ಮುಚ್ಚಿಡತಾನ, ಇವ ಯಾರದು ಅಂತ ಎಲ್ಲಾರಿಗೂ ಗೊತ್ತಾಗುವಂಗ ಇಟ್ಟಾನ.

ನಾವು ಪದ ಹಾಡೋರೂ ಸಿನಿಮಾದ ಮಟ್ಟಿನ ಮ್ಯಾಲ ಭಜನಿ ಪದ ಕಟ್ಟೀವಿ. ಈಗ ಜಾತ್ರ್ಯಾಗ ಹುಡುಗರು ಡಿಜೆ ಹಚ್ಚಿ ಹಳೇ ಭಜನಿ ಪದ ಕುಣಸ್ತಾರ. ಮಟ್ಟು ಬದಲಾತು ಅಂತ ನಾನು ಸಿಟ್ಟಾಗೂದಿಲ್ಲ. ಪದದ ಒಳಗಿನದು ದಾಟಿ ಬಂತೋ ಇಲ್ಲೋ ಅಂತ ಕೇಳತೀನಿ. ಕುಣಿಯೂ ಕಾಲಿಗೆ ಪದದ ಅರ್ಥ ಒಂದು ಸಾಲಾದರೂ ತಾಗಿತಂದರ ಆ ಡಿಜೆಗೆ ನನ್ನ ಶರಣು. ಬರೇ ದಪ್ಪ ಸಪ್ಪಳ ಉಳಿದರ ಅದು ಖಾಲಿ ಡಬ್ಬಿ.

ಅದೇ ಮಾತು ಇವನಿಗೂ ಹಚ್ಚಿ ನೋಡಿದರ ಬಣವಿ ಸರಣಿ ನನಗ ಅರ್ಧ ಖಾಲಿ. ಹಳದಿ, ಕೆಂಪು, ಕಪ್ಪು ಅಂತ ಬಣ್ಣ ಬದಲಾಗತಾವ, ಹೊತ್ತು ಬದಲಾಗೂದಿಲ್ಲ. ಬಳಿಗಾರನ ಮುಂದ ಬಳಿ ಬಣ್ಣ ಆರಿಸಿದಂಗ. ಮೋನೆಯ ನೆರಳಿನಾಗ ತಂಪು ಇತ್ತು, ಇಲ್ಲಿ ನೆರಳು ಒಂದು ಆಕಾರ ಅಷ್ಟೇ. ಒಟ್ಟಿದ ಕೈಯಂತೂ ಎಲ್ಲೂ ಕಾಣೂದಿಲ್ಲ.

ರೂವಾನ್ ಊರಿನ ದೊಡ್ಡ ಚರ್ಚಿನ ಚಿತ್ರದಾಗ ಅವ ಗೆದ್ದಾನ. ಮೋನೆ 1892 ಮತ್ತು 1893ರಲ್ಲಿ ಚರ್ಚಿನ ಎದುರಿಗೆ ಕೋಣೆ ಹಿಡಿದು ಅದನ್ನ 30ಕ್ಕೂ ಹೆಚ್ಚು ಸಲ ಬರೆದ. ಕಲ್ಲಿನ ಗ್ವಾಡಿ ಬಿಸಲಿಗೆ ಬೆಣ್ಣಿಯಂಗ ಕರಗತದ. ಲಿಕ್ಟನ್‌ಸ್ಟೈನ್ ಇದನ್ನೂ 1969ರಲ್ಲಿ ಚುಕ್ಕಿಯಲ್ಲಿ ಮಾಡಿದ. ಹತ್ತಿರ ನಿಂತರ ಚರ್ಚು ಇಲ್ಲ, ಚುಕ್ಕಿಯ ಕಾಡು. ಬಾಗಿಲ ತನಕ ಹಿಂದ ಸರದರ ಗೋಪುರ ಮೂಡತದ. ಮೋನೆಯ ಚಿತ್ರವೂ ಹಂಗೇ, ಹತ್ತಿರದಿಂದ ಬಣ್ಣದ ಮುದ್ದಿ, ದೂರದಿಂದ ಕಲ್ಲು. ಇಲ್ಲಿ ಅವ ಮೋನೆಯ ಮಟ್ಟನ್ನಲ್ಲ, ಮೋನೆ ನೋಡೂ ರೀತಿಯನ್ನೇ ಹಿಡದಾನ.

ಎಲ್ಲಕ್ಕೂ ಚೊಲೊ ಅನಿಸಿದ್ದು ಮೂಲ್ಯಾಗಿನ ಚಿತ್ರ, ಮಂದಿ ಅದರ ಮುಂದ ನಿಲ್ಲೂದೇ ಇಲ್ಲ. 1992ರ ತಾವರಿ ಹೊಂಡ. ಮೋನೆ ಮುಪ್ಪಿನಾಗ, ಕಣ್ಣು ಮಂಜಾದರೂ ಬಿಡದೆ, ತನ್ನ ತೋಟದ ಹೊಂಡ ಬರೆದ. ಲಿಕ್ಟನ್‌ಸ್ಟೈನ್ ಆಗ ಎಪ್ಪತ್ತರ ಹತ್ತಿರ ಇದ್ದ. ಈ ಸಲ ಬರೇ ಕ್ಯಾನ್ವಾಸು, ಕಾಗದ ನಂಬಲಿಲ್ಲ, ಸ್ಟೀಲಿನ ತಗಡಿನ ಮ್ಯಾಲ ಎಲಿ, ಹೂವು, ಗೆರಿ ಅಚ್ಚು ಹಾಕಿದ. ನೀರು ಇರಬೇಕಾದಲ್ಲಿ ಬಣ್ಣ ಹಚ್ಚದೆ ತಗಡನ್ನೇ ಸುಳಿಸುಳಿಯಾಗಿ ತಿಕ್ಕಿ ಬಿಟ್ಟ. ಎದುರಿಗೆ ನಡೆದವನ ಅಂಗಿ ಬಣ್ಣ, ಕಿಡಕಿಯ ಬೆಳಕು ಆ ನೀರಿನಾಗ ಅಲಗಾಡತಾವ. ಮುಂಜಾನೆ ನೋಡಿದ ಹೊಂಡ ಸಂಜಿಗೆ ಬ್ಯಾರೆ. ಬಣವಿಯಲ್ಲಿ ಕಳಕೊಂಡ ಹೊತ್ತು 23 ವರ್ಷದ ಮ್ಯಾಲೆ ಇಲ್ಲಿ ಸಿಕ್ಕದ.

ನಮ್ಮ ಗೋಡೆಯ ಪ್ರಿಂಟಿನಾಗ ಮಾತ್ರ ಆ ತಗಡು ಬರೇ ಬೂದಿ ಬಣ್ಣ ಆಗ್ಯದ. ಮಾಸ್ತರರಿಗೆ ಹೇಳೀನಿ, ಅದರ ಬಾಜೂಕ ಮನಿಯ ಸ್ಟೀಲ್ ಪರಾತ ಒಂದು ತೂಗುಹಾಕ್ರಿ ಅಂತ.